ನಾಟಿಗೆ ಕೇಳದ ವಯಸ್ಸು ಓಟಕ್ಕೆ ಯಾಕೆ?

ಕೊಡಗಿನ ಊರೂರುಗಳ ಕ್ರೀಡಾಕೂಟ ಸಮಿತಿಯವರಿಗೆ, ಗ್ರಾಮ ಪಂಚಾಯಿತಿ ಸದಸ್ಯರಿಗೆ, ಯುವಕ ಸಂಘ, ಮಹಿಳಾ ಸಂಘಗಳ ತಮ್ಮಂದಿರಿಗೆ, ತಂಗಿಯರಿಗೆ ನಮಸ್ಕಾರ.

ನನಗೆ 63 ವರ್ಷ. ಸೋಮವಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯವಳು. ನಮಗೆ ಮೂರು ಎಕರೆ ಕಾಫಿ ಇದೆ, ಮಧ್ಯೆ ಕರಿಮೆಣಸಿನ ಬಳ್ಳಿ, ಮನೆ ಕೆಳಗೆ ಸ್ವಲ್ಪ ಗದ್ದೆ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ನಿಮ್ಮಲ್ಲಿ ಕೆಲವರ ಕೈ ಹಿಡಿದು ‘ಅ’ ಬರೆಸಿದವಳು ನಾನೇ ಇರಬಹುದು.

ಹೋದ ಮಳೆಗಾಲದಲ್ಲಿ ಒಂದು ಊರಿನ ಕೆಸರುಗದ್ದೆ ಕ್ರೀಡಾಕೂಟಕ್ಕೆ ಹೋಗಿದ್ದೆ. ಯಾವ ಊರು, ಯಾವ ಸಮಿತಿ ಅಂತ ಬರೆಯೋದಿಲ್ಲ. ಅವರ ಮೇಲೆ ನನಗೆ ಕೋಪ ಇಲ್ಲ. ಮಹಿಳೆಯರ ಓಟಕ್ಕೆ ಹೆಸರು ಕರೆದರು. ನಾನು ಸೀರೆ ಎತ್ತಿ ಕಟ್ಟಿಕೊಂಡು ಗದ್ದೆಗಿಳಿದು, ಹುಡುಗಿಯರ ಪಕ್ಕ ಸಾಲಿನಲ್ಲಿ ನಿಂತೆ. ಅಷ್ಟರಲ್ಲಿ ಮೈಕಿನಲ್ಲಿ ಕೇಳಿಸಿತು: “ಅಜ್ಜಿ, ಬಿದ್ದುಗಿದ್ದು ಬಿಟ್ಟೀರ! ಮೇಲೆ ಬಂದು ಕೂತ್ಕೊಳ್ಳಿ. ಆಮೇಲೆ ನಿಮಗೆ ಶಾಲು ಹಾಕ್ತೀವಿ.” ಬದುವಿನ ಮೇಲೆ ನಿಂತಿದ್ದವರೆಲ್ಲ ನಕ್ಕರು. ನಾನು ಮೇಲೆ ಬಂದೆ. ಕೂತೆ. ಶಾಲನ್ನೂ ಹಾಕಿದರು.

ಮನೆಗೆ ಬಂದು ಕಾಲಿನ ಕೆಸರು ತೊಳೆಯುವಾಗ ಅಳು ಬಂತು.

ಹತ್ತು ದಿನ ಕಳೆದ ಮೇಲೆ ಅದೇ ಗದ್ದೆಗೆ ನಾಟಿ ಮಾಡಿದ್ದು ನಾವೇ. ಒಂಬತ್ತು ಮಂದಿ ಹೆಂಗಸರು, ಅವರಲ್ಲಿ ಆರು ಮಂದಿ ಅರವತ್ತು ದಾಟಿದವರು. ಬೆಳಗ್ಗೆಯಿಂದ ಸಂಜೆಯವರೆಗೆ ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಸೊಂಟ ಬಗ್ಗಿಸಿ, ಹಿಂದಕ್ಕೆ ಹೆಜ್ಜೆ ಇಡುತ್ತಾ ಪೈರು ನೆಟ್ಟೆವು. ಮಂಡಿಯವರೆಗೆ ಕೆಸರು. ಆವತ್ತು ಯಾರೂ “ಅಜ್ಜಿ, ಬಿದ್ದೀರ” ಅನ್ನಲಿಲ್ಲ. “ಬೇಗ ಬೇಗ ಆಗಲಿ, ಮಳೆ ಜೋರಾಗ್ತದೆ” ಅಂದರು, ಅಷ್ಟೇ.

ಇದನ್ನೇ ನಾನು ನಿಮ್ಮ ಹತ್ತಿರ ಕೇಳಬೇಕು ಅಂತ ಇಷ್ಟು ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಕೆಲಸಕ್ಕೆ ಕರೆಯುವಾಗ ನಮ್ಮ ವಯಸ್ಸು ನೆನಪಾಗೋದಿಲ್ಲ. ಆಟಕ್ಕೆ ಬಂದರೆ ಮಾತ್ರ ನೆನಪಾಗುತ್ತದೆ. ಯಾಕೆ?

2018ರ ಆಗಸ್ಟ್ ನಿಮಗೆ ನೆನಪಿದೆ. ಮಾದಾಪುರ, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಎಲ್ಲ ಕಡೆ ಗುಡ್ಡ ಜರಿದ ತಿಂಗಳು. ಆಗ ನನಗೆ 56. ನಾವೂ ಒಂದು ಪರಿಹಾರ ಕೇಂದ್ರದಲ್ಲಿ ಇದ್ದೆವು. ಮೊದಲನೇ ದಿನ ಎಲ್ಲರೂ ಗೋಡೆಗೆ ಒರಗಿ ಸುಮ್ನೆ ಕೂತಿದ್ದರು. ಯಾರಿಗೂ ಮಾತಿಲ್ಲ. ಎರಡನೇ ದಿನ ಬೆಳಗ್ಗೆ ನಾಲ್ಕೂವರೆಗೆ ಎದ್ದು ಒಲೆ ಹಚ್ಚಿದವರು ನಾಲ್ಕು ಮಂದಿ ದೊಡ್ಡ ಹೆಂಗಸರು. ಅವರಲ್ಲಿ ಒಬ್ಬರಿಗೆ ಮನೆಯೇ ಉಳಿದಿರಲಿಲ್ಲ. ಅಷ್ಟು ಜನಕ್ಕೆ ಅನ್ನ ಎಷ್ಟು, ಸಾರಿಗೆ ಉಪ್ಪು ಎಷ್ಟು, ಯಾವ ಮಗುವಿಗೆ ಹಾಲು ಬೇಕು, ಯಾವ ಬಾಣಂತಿಗೆ ಬಿಸಿನೀರು ಬೇಕು, ಎಲ್ಲ ಅವರಿಗೆ ಗೊತ್ತು. ಮದುವೆ, ತಿಥಿ, ಹಬ್ಬ ಅಂತ ನಲವತ್ತು ವರ್ಷ ದೊಡ್ಡ ಪಾತ್ರೆ ಎತ್ತಿ ಇಳಿಸಿದ ಕೈಗಳು ಅವು. ಅವರನ್ನು ನೋಡಿ ನಾನೂ ಎದ್ದೆ. ವಯಸ್ಸಾದ ಹೆಂಗಸಿನ ಬಗ್ಗೆ ನನಗಿದ್ದ ಭಯ ಹೋಗಿದ್ದು ಆ ಅಡುಗೆ ಕೋಣೆಯಲ್ಲೇ. ಹಾಗಾದರೆ ಹೀಗಿರಬಹುದು ನಾನು ಮುಂದೆ, ಅನ್ನಿಸಿತು. ಅದು ನನಗೆ ದೊಡ್ಡ ಧೈರ್ಯ.

ಭಯ ಯಾಕಿತ್ತು ಅಂದರೆ, ನಾನು ಕಂಡ ಮುಪ್ಪು ಬೇರೆ. ನಮ್ಮಮ್ಮ ಐವತ್ತಕ್ಕೆ ಬಣ್ಣದ ಸೀರೆಗಳನ್ನೆಲ್ಲ ಮಡಿಸಿ ಟ್ರಂಕಿಗೆ ಹಾಕಿದರು. “ನಂಗಿನ್ನೇನು, ನೀವು ಉಟ್ಕೊಳ್ಳಿ” ಅಂದರು. ಆಮೇಲೆ ಇಪ್ಪತ್ತಾರು ವರ್ಷ ಬದುಕಿದರು! ಇಪ್ಪತ್ತಾರು ವರ್ಷ ಅಂದರೆ ಒಂದು ಮಗು ಹುಟ್ಟಿ, ಓದಿ, ಕೆಲಸಕ್ಕೆ ಸೇರುವಷ್ಟು ಕಾಲ. ಅಷ್ಟು ಕಾಲವನ್ನು ಅಮ್ಮ ‘ಇನ್ನೇನು’ ಅಂತಲೇ ಕಳೆದರು. ಅವರದ್ದು ತಪ್ಪಲ್ಲ. ಸುತ್ತ ಇದ್ದವರೆಲ್ಲ ಅದನ್ನೇ ನಿರೀಕ್ಷೆ ಮಾಡುತ್ತಿದ್ದರು.

ನನಗೆ 48ಕ್ಕೆ ಮುಟ್ಟು ನಿಂತಿತು. ಇದನ್ನು ಬಹಿರಂಗವಾಗಿ ಬರೆಯಬೇಕಾ ಅಂತ ಮಗಳು ಕೇಳಿದಳು. ಬರೆಯಬೇಕು. ಜುಲೈ ತಿಂಗಳ ಜಡಿಮಳೆ, ಎರಡು ಕಂಬಳಿ ಹೊದ್ದರೂ ನಡುಗುವ ಚಳಿ. ಅಂಥ ರಾತ್ರಿಯಲ್ಲಿ ನಾನು ಬೆವರಿ ಎದ್ದು ಕಿಟಕಿ ತೆಗೆಯುತ್ತಿದ್ದೆ. ಜ್ವರ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಏನು ಅಂತ ಗೊತ್ತಿಲ್ಲದೆ ಎಷ್ಟೋ ತಿಂಗಳು ಹೆದರಿದೆ. ಕೊನೆಗೆ ನಾಟಿ ಸಾಲಿನಲ್ಲಿ ಪಕ್ಕದವರ ಹತ್ತಿರ ಮೆಲ್ಲಗೆ ಹೇಳಿದೆ. “ಅಯ್ಯೋ, ನಂಗೂ ಆಗಿತ್ತು” ಅಂದರು ಅವರು. ಅವರ ಪಕ್ಕದವರೂ ಅದನ್ನೇ ಅಂದರು. ಆವತ್ತು ನಾವು ಅರ್ಧ ಎಕರೆ ನೆಟ್ಟೆವು, ಜೊತೆಗೆ ಎಷ್ಟೋ ವರ್ಷ ಒಳಗಿಟ್ಟುಕೊಂಡ ಮಾತನ್ನೂ ಆಡಿಕೊಂಡೆವು.

ಸಾಮಾನ್ಯವಾಗಿ 45ರಿಂದ 55ರ ಒಳಗೆ ಮುಟ್ಟು ನಿಲ್ಲುತ್ತದೆ. ಹನ್ನೆರಡು ತಿಂಗಳು ಬಾರದೆ ಇದ್ದರೆ ನಿಂತಿತು ಅಂತ ಲೆಕ್ಕ. ಹಾಗೆ ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಸ್ವಲ್ಪವೇ ಆದರೂ, ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು. ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುವುದು ನಮ್ಮಲ್ಲಿ ತುಂಬಾ ಜನಕ್ಕೆ ಇದೆ. ಅದಕ್ಕೆ ವ್ಯಾಯಾಮ ಇದೆ, ಚಿಕಿತ್ಸೆಯೂ ಇದೆ. ನಾಚಿಕೊಂಡು ಮದುವೆ ಮನೆಗೆ, ದೂರದ ಬಸ್ಸಿಗೆ ಹೋಗೋದನ್ನೇ ಬಿಟ್ಟವರನ್ನು ನಾನು ಬಲ್ಲೆ. ಹೇಳಿಕೊಂಡಿದ್ದರೆ ಅವರು ಇಷ್ಟು ವರ್ಷ ಮನೆಯಲ್ಲೇ ಕೂರಬೇಕಾಗಿರಲಿಲ್ಲ.

54ಕ್ಕೆ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೆ. ಕೈ ಊರಿದೆ, ಮಣಿಕಟ್ಟು ಮುರಿಯಿತು. ನಮ್ಮ ಮಳೆಗಾಲದ ಪಾಚಿ ಏನಂತ ನಿಮಗೆ ಹೇಳಬೇಕಾಗಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿದರೂ ವಾರಕ್ಕೆ ಮತ್ತೆ ಹಸಿರು. ಬ್ಯಾಂಡೇಜು ಹಾಕಿದ ಡಾಕ್ಟರು ಮೂಳೆ ಪರೀಕ್ಷೆ ಮಾಡಿಸಿದರು. ಮೂಳೆ ಸವೆದಿದೆ ಅಂದರು. ಮುಟ್ಟು ನಿಂತ ಮೇಲಿನ ಮೊದಲ ಐದಾರು ವರ್ಷ ಈಸ್ಟ್ರೋಜನ್ ಅನ್ನೋ ಹಾರ್ಮೋನು ಕಡಿಮೆಯಾಗಿ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದಂತೆ. ಅದರ ಮೇಲೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣೋದೇ ಅಪರೂಪ.

ಬಂದ ನೆಂಟರೆಲ್ಲ ಒಂದೇ ಮಾತು ಹೇಳಿದರು. ಇನ್ನು ಹುಷಾರಾಗಿ ಒಂದು ಕಡೆ ಕೂತಿರಿ, ಅಂತ. ಡಾಕ್ಟರು ಮಾತ್ರ ಬೇರೆ ಹೇಳಿದರು. ಕೂತರೆ ಮೂಳೆ ಇನ್ನೂ ಸವೆಯುತ್ತದೆ, ಭಾರ ಎತ್ತಿ, ನಡೆಯಿರಿ, ಅಂದರು. ನನ್ನ ಬದುಕು ಆ ಎರಡನೇ ಮಾತಿನ ಮೇಲೆ ನಿಂತಿದೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳೋದು, ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲೋದು, ಎರಡು ಲೀಟರ್ ನೀರಿನ ಬಾಟಲಿ ಎತ್ತೋದು. ಇಷ್ಟರಿಂದ ಶುರು ಮಾಡಿದೆ. ಅಕ್ಕಿ ರೊಟ್ಟಿ ತಿನ್ನುವ ಮನೆಗೆ ದಿನಕ್ಕೊಂದು ಹೊತ್ತು ರಾಗಿ ತಂದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೂ ವಾರಕ್ಕೆ ಕಡಿಮೆ ಅಂದರೆ 150 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು ಅನ್ನುತ್ತದೆ. ಜೊತೆಗೆ ವಾರದಲ್ಲಿ ಮೂರು ದಿನವಾದರೂ ಶಕ್ತಿ ಮತ್ತು ಸಮತೋಲನದ ವ್ಯಾಯಾಮ ಮಾಡಿ ಅನ್ನುತ್ತದೆ. ಬೀಳದೆ ಇರಲಿಕ್ಕೆ ಅದೇ ದಾರಿ. ನೋಡಿ, ಬೀಳುತ್ತೀರಿ ಅಂತ ನೀವು ನಮ್ಮನ್ನು ಕೂರಿಸುತ್ತೀರಿ. ಕೂತು ಕೂತೇ ನಾವು ಬೀಳುವಂತಾಗುತ್ತೇವೆ.

61ಕ್ಕೆ ಮೂವರು ಗೆಳತಿಯರ ಜೊತೆ ಕೋಟೆಬೆಟ್ಟ ಹತ್ತಿದೆ. ನಿಂತು ನಿಂತು ಹತ್ತಿದೆವು. ಮೇಲೆ ಗಾಳಿಗೆ ಮಾತು ಕೇಳಿಸುತ್ತಿರಲಿಲ್ಲ. ನಾಲ್ಕೂ ಮಂದಿ ಬಂಡೆ ಮೇಲೆ ಕೂತು ಕಡುಬು ತಿಂದೆವು. ಮದುವೆಯಾಗಿ ಬಂದಾಗಿನಿಂದ ದಿನಾ ಅಂಗಳದಿಂದ ನೋಡುತ್ತಿದ್ದ ಬೆಟ್ಟ ಅದು.

ವಯಸ್ಸಾಗೋದು ಬರೀ ಸಿಹಿ ಅಂತ ನಾನು ಹೇಳುತ್ತಿಲ್ಲ. ಮಂಡಿ ನೋಯುತ್ತದೆ. ಆ ನಾಲ್ವರಲ್ಲಿ ಒಬ್ಬಳು ಈಗ ಇಲ್ಲ. ಕೆಲವು ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುತ್ತವೆ. ಆದರೆ ಯಾರೂ ಮೊದಲೇ ಹೇಳಿರದ ಕೆಲವು ಸಂತೋಷ ಇಲ್ಲಿವೆ. ಎರಡು ವರ್ಷದ ಹಿಂದೆ ಕಣ್ಣಿನ ಪೊರೆ ತೆಗೆಸಿದೆ. ಮಾರ್ಚ್ ತಿಂಗಳು, ಹೂಮಳೆ ಬಿದ್ದು ಒಂದು ವಾರ ಆಗಿತ್ತು. ಬೆಳಗ್ಗೆ ಎದ್ದು ತೋಟದ ಕಡೆ ನೋಡಿದರೆ ಕಾಫಿ ಹೂವು ಬಿಳಿ! ಪೊರೆ ಬಂದ ಕಣ್ಣಿಗೆ ಎಲ್ಲ ಹಳದಿ ಹಳದಿಯಾಗಿ ಕಾಣುತ್ತದೆ. ಎಷ್ಟು ವರ್ಷದಿಂದ ನಾನು ಮಾಸಿದ ಹೂವು ನೋಡುತ್ತಿದ್ದೆನೋ. ಆವತ್ತು ಗಿಡಗಳ ನಡುವೆ ನಿಂತು ಕಾಫಿ ಕುಡಿದದ್ದು ನೆನಪಿದೆ. ಇಪ್ಪತ್ತರಲ್ಲಿ ಆ ಹೂವನ್ನು ಅಷ್ಟು ಆಸೆಯಿಂದ ನಾನು ನೋಡಿರಲಿಲ್ಲ. ಆಗ ಪುರುಸೊತ್ತೇ ಇರಲಿಲ್ಲ, ಅಲ್ವಾ?

ಇನ್ನೊಂದು ಸಂತೋಷ, ಹೆದರಿಕೆ ಕಡಿಮೆಯಾಗಿದ್ದು. ಪಂಚಾಯಿತಿ ಸಭೆಯಲ್ಲಿ ಎದ್ದು ಮಾತಾಡಲಿಕ್ಕೆ ಈಗ ನನಗೆ ಕೈ ನಡುಗೋದಿಲ್ಲ. 58ಕ್ಕೆ ಕೂದಲಿಗೆ ಬಣ್ಣ ಹಚ್ಚೋದು ಬಿಟ್ಟೆ. ಹಚ್ಚುವವರು ಹಚ್ಚಿಕೊಳ್ಳಲಿ, ಅದು ಅವರವರ ಇಷ್ಟ. ನನಗೆ ಈ ಬಿಳಿ ಕೂದಲು ಚೆಂದ ಕಾಣುತ್ತದೆ. ಅಮ್ಮನ ಟ್ರಂಕಿನಿಂದ ಆ ಬಣ್ಣದ ಸೀರೆಗಳನ್ನು ತೆಗೆದು ಈಗ ನಾನೇ ಉಡುತ್ತಿದ್ದೇನೆ.

ನಮ್ಮ ಪಕ್ಕದ ತೋಟದ ಲೈನ್ ಮನೆಯಲ್ಲಿ, ಅಂದರೆ ಕೆಲಸದವರ ಸಾಲುಮನೆಯಲ್ಲಿ, ಒಬ್ಬರು ಅಕ್ಕ ಇದ್ದಾರೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು ಇರಬೇಕು. ಈಗಲೂ ಕಾಫಿ ಕೊಯ್ಯುತ್ತಾರೆ, ಚೀಲ ಹೊರುತ್ತಾರೆ. ಖುಷಿಯಾಗಿರಿ ಅಂತ ನಾನು ಹೇಳಿದರೆ ಅವರ ಹೊಟ್ಟೆ ತುಂಬೋದಿಲ್ಲ. ಅದು ನನಗೆ ಗೊತ್ತು. ಆಧಾರ್ ಕಾರ್ಡಿನಲ್ಲಿ ಅವರ ವಯಸ್ಸು ಕಡಿಮೆ ಬರೆದಿತ್ತು. 65 ಆಗಿಲ್ಲ ಅಂತ ಸಂಧ್ಯಾ ಸುರಕ್ಷಾ ಪಿಂಚಣಿಯ 1200 ರೂಪಾಯಿ ಎಷ್ಟೋ ಕಾಲ ಸಿಗಲಿಲ್ಲ. ನಾವು ನಾಲ್ಕು ಮಂದಿ ಓಡಾಡಿ ಸರಿ ಮಾಡಿಸಿದೆವು. ಮೊದಲ ಸಲ ದುಡ್ಡು ಬಂದಾಗ ಅವರು ತಗೊಂಡಿದ್ದು ಒಂದು ಜೊತೆ ಕ್ಯಾನ್ವಾಸ್ ಶೂ. “ಕಾಲು ಹೇಳಿದ ಹಾಗೆ ಕೇಳ್ತದೆ ಇದ್ರಲ್ಲಿ” ಅಂದರು. ಹಗ್ಗಜಗ್ಗಾಟಕ್ಕೆ ಅವರಿಗಿಂತ ಗಟ್ಟಿ ಕೈ ನಮ್ಮೂರಿನಲ್ಲಿ ಇನ್ನೊಂದಿಲ್ಲ. ಪಂಚಾಯಿತಿಯವರಿಗೆ ಒಂದು ಮಾತು. ಇಂಥವರು ಪ್ರತಿ ಲೈನ್ ಮನೆಯಲ್ಲೂ ಇದ್ದಾರೆ. ಹುಡುಕಿಕೊಂಡು ಹೋಗಿ ಅವರ ಕಾಗದ ಸರಿ ಮಾಡಿಸಿ. 70 ದಾಟಿದವರಿಗೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಹೇಳಿದೆ. ಅದಕ್ಕೂ ಆಧಾರ್‌ನಲ್ಲಿ ವಯಸ್ಸು ಸರಿ ಇರಬೇಕು.

ಕೊಡಗಿನವರಿಗೆ ಆಟದ ಬಗ್ಗೆ ನಾನು ಪಾಠ ಹೇಳಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಬಂದಿದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ. ಆ ಹಬ್ಬದಲ್ಲಿ ನನಗೆ ಜಾಸ್ತಿ ಇಷ್ಟ ಆಗೋದು ಮನೆತನದ ಹೆಣ್ಣುಮಕ್ಕಳೂ ಹಿರಿಯರೂ ಹುಡುಗರ ಜೊತೆ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯೋದು. ಅಂದರೆ ಇದು ನಮ್ಮ ನೆಲಕ್ಕೆ ಹೊಸದಲ್ಲ. 2024ರ ಜನವರಿಯಲ್ಲಿ ನಮ್ಮ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಊರೆಲ್ಲ ಹೆಮ್ಮೆ ಪಟ್ಟಿತು. ನಾನೂ ಪಟ್ಟೆ, ಟಿವಿ ಮುಂದೆ ನಿಂತು ಚಪ್ಪಾಳೆ ಹೊಡೆದೆ. ಅದೇ 43ರ ಹೆಂಗಸು ನಮ್ಮೂರ ಕೂಟದಲ್ಲಿ ಓಡುತ್ತೇನೆ ಅಂದರೆ “ನೀವು ಮ್ಯೂಸಿಕಲ್ ಚೇರ್‌ಗೆ ಬನ್ನಿ ಆಂಟಿ” ಅನ್ನುತ್ತಾರೆ. ಮಡಿಕೇರಿಯ ರಾಣಿ ಮಾಚಯ್ಯ ಅವರಿಗೆ ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ಗಾಗಿ 2023ರಲ್ಲಿ ಪದ್ಮಶ್ರೀ ಬಂದಾಗ ಅವರು ಎಪ್ಪತ್ತು ದಾಟಿದ್ದರು. ಚಂಡೀಗಢದ ಮಾನ್ ಕೌರ್ ಓಡಲು ಕಲಿತದ್ದೇ 93ಕ್ಕೆ. 2017ರಲ್ಲಿ ಆಕ್ಲೆಂಡ್‌ನಲ್ಲಿ ಹಿರಿಯರ ಜಾಗತಿಕ ಕ್ರೀಡಾಕೂಟದಲ್ಲಿ 100 ಮೀಟರ್ ಓಡಿ ಚಿನ್ನ ತಗೊಂಡಾಗ ಅವರಿಗೆ 101 ವರ್ಷ. ಅವರ ಮುಂದೆ ನಾನು ಇನ್ನೂ ಹುಡುಗಿ!

ಹಾಗಾದರೆ ನಮಗೆ ಏನು ಬೇಕು, ಹೇಳುತ್ತೇನೆ.

ಮಹಿಳೆಯರ ಓಟ ಅಂತ ಒಂದೇ ಇಡಬೇಡಿ. ಹದಿನೆಂಟರ ಹುಡುಗಿಯೂ ನಾನೂ ಒಂದೇ ಸಾಲಿನಲ್ಲಿ ಓಡಿದರೆ ಅದು ಸ್ಪರ್ಧೆ ಆಗೋದಿಲ್ಲ. ಹಿರಿಯರ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಮೇಲೆ ಐದೈದು ವರ್ಷಕ್ಕೆ ಒಂದು ಗುಂಪು ಮಾಡುತ್ತಾರೆ. ನಮ್ಮೂರಿಗೆ ಅಷ್ಟು ಬೇಡ. 45 ದಾಟಿದವರು, 55 ದಾಟಿದವರು, 65 ದಾಟಿದವರು, ಇಷ್ಟು ಸಾಕು. ಓಟದ ದೂರ ಕಡಿಮೆ ಮಾಡಿ. ಓಡಲು ಆಗದವರಿಗೆ ವೇಗದ ನಡಿಗೆ ಇಡಿ. ಹಗ್ಗಜಗ್ಗಾಟ ಬೇಕೇ ಬೇಕು. ನಾಟಿ ಮಾಡುವ ಸ್ಪರ್ಧೆ ಇಟ್ಟರೆ ಇನ್ನೂ ಒಳ್ಳೆಯದು, ಅದರಲ್ಲಿ ಹುಡುಗಿಯರ ಜೊತೆಗೂ ನಾವು ಸರಿಸಮ. ಕೈಲ್ ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಡುವವರು ಹಿರಿಯ ಹೆಂಗಸರ ಹೆಸರನ್ನೂ ಕರೆಯಿರಿ. ಗುರಿಗೆ ಬೇಕಾಗಿದ್ದು ತಾಳ್ಮೆ, ಅದು ನಮ್ಮ ಹತ್ತಿರ ಬೇಕಾದಷ್ಟಿದೆ.

ಗದ್ದೆ ಹತ್ತಿರ ಹೆಂಗಸರಿಗೆ ಒಂದು ಶೌಚಾಲಯ, ಬಟ್ಟೆ ಬದಲಿಸಲು ಒಂದು ಮರೆ, ಕಾಲು ತೊಳೆಯಲು ನೀರು ಇಡಿ. ಇದು ಸಣ್ಣ ವಿಷಯ ಅಂತ ಬಿಡಬೇಡಿ. ಶೌಚಾಲಯ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಬೆಳಗ್ಗೆಯಿಂದ ನೀರು ಕುಡಿಯದೆ ಬರುವವರು, ಬಾರದೇ ಉಳಿಯುವವರು ನಮ್ಮ ವಯಸ್ಸಿನವರಲ್ಲಿ ತುಂಬಾ ಇದ್ದಾರೆ. ಆಶಾ ಕಾರ್ಯಕರ್ತೆಯರನ್ನೋ ನರ್ಸ್ ಒಬ್ಬರನ್ನೋ ಕರೆಸಿ, ಬಿಪಿ ನೋಡಿ ಆಮೇಲೆ ಓಡಿಸಿ. ಅದು ಸರಿಯಾದ ಕಾಳಜಿ. ಮೈಕಿನಲ್ಲಿ ಹೆದರಿಸಿ ವಾಪಸ್ ಕಳಿಸೋದು ಕಾಳಜಿ ಅಲ್ಲ.

ಶಾಲು ಹಾಕುವ ದುಡ್ಡನ್ನು ಈ ಏರ್ಪಾಡಿಗೆ ಹಾಕಿ. ನನ್ನ ಕಪಾಟಿನಲ್ಲಿ ಈಗಲೇ ಐದು ಶಾಲಿವೆ.

ಮೈಕ್ ಹಿಡಿಯುವ ತಮ್ಮಂದಿರೇ, ಅಜ್ಜಿ ಅನ್ನೋ ಮಾತು ನನಗೆ ಬೇಜಾರಿಲ್ಲ. ನನ್ನ ಮೊಮ್ಮಗಳು ಕರೆದಾಗ ಅದಕ್ಕಿಂತ ಚೆಂದದ ಹೆಸರಿಲ್ಲ ಅನ್ನಿಸುತ್ತದೆ. ಆದರೆ ಓಟದ ಸಾಲಿನಲ್ಲಿ ನಿಂತವರಿಗೆ ಒಂದು ಹೆಸರಿರುತ್ತದೆ. ಆ ಹೆಸರು ಹಿಡಿದು ಕರೆಯಿರಿ. 2011ರ ಜನಗಣತಿಯಲ್ಲಿ ಕೊಡಗಿನಲ್ಲಿ 1000 ಗಂಡಸರಿಗೆ 1019 ಹೆಂಗಸರು. ನಿಮ್ಮ ಕೂಟದ ಅರ್ಧ ಊರು ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರೆ ಅದು ಊರ ಹಬ್ಬ ಹೇಗೆ ಆಗುತ್ತದೆ?

ಕಥೆಗಾರ್ತಿ ಕೊಡಗಿನ ಗೌರಮ್ಮನವರ ಬಗ್ಗೆ ಎಷ್ಟೋ ಸಲ ಯೋಚಿಸುತ್ತೇನೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತು ಅವರನ್ನು ಕರೆಸಿಕೊಂಡ ಹೆಣ್ಣುಮಗಳು. ಅಷ್ಟು ಚಿಕ್ಕ ವಯಸ್ಸಿಗೆ ಅಷ್ಟು ಗಟ್ಟಿ ಮನಸ್ಸು, ಅಷ್ಟು ಒಳ್ಳೆಯ ಕಥೆಗಳು. 1939ರ ಏಪ್ರಿಲ್‌ನಲ್ಲಿ ಈಜಲು ಹೋಗಿ ನೀರುಪಾಲಾದರು. ಆಗ ಅವರಿಗೆ 27. ಅವರ ಕೂದಲು ಬಿಳಿಯಾಗಲಿಲ್ಲ. ಅವರ ಮಂಡಿ ನೋಯಲಿಲ್ಲ. ಅರವತ್ತಕ್ಕೆ ಅವರು ಏನು ಬರೆಯುತ್ತಿದ್ದರು ಅಂತ ನಮಗೆ ಎಂದೂ ತಿಳಿಯೋದಿಲ್ಲ. ಅವರಿಗೆ ಸಿಗದ ಮೂವತ್ತಾರು ವರ್ಷ ನನಗೆ ಸಿಕ್ಕಿದೆ. ಆ ವರ್ಷಗಳನ್ನು ಶಾಲು ಹೊದ್ದು ಕುರ್ಚಿಯಲ್ಲಿ ಕಳೆಯಲು ನನಗೆ ಮನಸ್ಸಿಲ್ಲ.

ಆಟಿ ತಿಂಗಳು ಹತ್ತಿರ ಬರುತ್ತಿದೆ. ಆಟಿ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ಮಾಡುವಾಗ ನಮ್ಮ ಮನೆಯಲ್ಲಿ ಎಲ್ಲರೂ ಸೇರುತ್ತೇವೆ. ನಿಮ್ಮ ಸಮಿತಿಯವರೂ ಬನ್ನಿ, ಕೂತು ಮಾತಾಡೋಣ. ಈ ಪತ್ರದ ಜೊತೆ ಸಮಿತಿಗೆ ಒಂದು ಪಟ್ಟಿ ಕೊಡುತ್ತಿದ್ದೇನೆ. ಹನ್ನೊಂದು ಹೆಸರಿವೆ, ಎದುರಿಗೆ ವಯಸ್ಸು ಬರೆದಿದೆ, ಯಾರೂ ಒಂದು ವರ್ಷವನ್ನೂ ಮುಚ್ಚಿಟ್ಟಿಲ್ಲ. ಎಲ್ಲರಿಗಿಂತ ದೊಡ್ಡವರಿಗೆ 71. ಲೈನ್ ಮನೆಯ ಅಕ್ಕನ ಹೆಸರು ಹಗ್ಗಜಗ್ಗಾಟಕ್ಕೆ ಮೊದಲನೆಯದು. ಹಗ್ಗ ನಮ್ಮ ಮನೆಯಲ್ಲೇ ಇದೆ, ಸಿಲ್ವರ್ ಮರದ ಕೊಂಬೆ ಎಳೆಯುವ ದಪ್ಪ ಹಗ್ಗ. ಬರುವಾಗ ತರುತ್ತೇವೆ.

ಇಂತಿ,
ನಿಮ್ಮ ಅಂಗನವಾಡಿ ಟೀಚರ್